ತೊಲೆಯ ಹಡಗನ್ನು ನೋಡಲು ಹೋದದ್ದು

ಗಜೇಂದ್ರಗಡದಲ್ಲಿ ನಾನು ರೋಣದ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಗುಡ್ಡದಿಂದ ಊರೊಳಗೆ ಇಳಿದಿರಲಿಲ್ಲ. ಮೇ ತಿಂಗಳ ಕೊನೆಯ ವಾರದ ಶುಕ್ರವಾರ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಾತ್ರ ಆಗಲೇ ತಿರುಗುತ್ತಿದ್ದವು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ಸೀರೆ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕಂಕುಳಲ್ಲಿ ರಟ್ಟಿನ ನಡುವೆ ಇಟ್ಟು ಹಳೆಯ ಸೀರೆಯಲ್ಲಿ ಸುತ್ತಿದ ಗಂಟು. ಆ ಗಂಟಿನಲ್ಲಿ, ಮೊಮ್ಮಕ್ಕಳೇ, ನೀವು ರಜೆ ಮುಗಿಸಿ ವಿಜಯಪುರಕ್ಕೆ ಹೋಗುವಾಗ ಬಿಟ್ಟುಹೋದ ನೀರುಬಣ್ಣದ ಡಬ್ಬಿ, ಕುಂಚಗಳು, ಮತ್ತು ನಾನು ಗಂಜಿ ಹಚ್ಚಿ ಒಣಗಿಸಿದ ಕಾಗದಗಳು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟು, ಗಂಟಿನ ಕಡೆ ನೋಡಿ, "ಅದೇನ್ರಿ ಅವ್ವಾರ, ಹಪ್ಪಳೇನು?" ಎಂದ. ಹೌದೆಂದು ತಲೆಯಾಡಿಸಿದೆ. ಚಿತ್ರ ಬರೆಯಲು ಹೊರಟಿದ್ದೇನೆಂದು ತುಂಬಿದ ಬಸ್ಸಿನಲ್ಲಿ ಹೇಳುವುದಕ್ಕಿಂತ ಅದು ಸುಲಭವಿತ್ತು.

ಸಹನಾ, ಮಲ್ಲು, ಈ ಪ್ರಯಾಣಕ್ಕೆ ನೀವೇ ಕಾರಣ. ನಮ್ಮ ನಡುಮನೆಯಲ್ಲಿ ಕುಣಿಮಗ್ಗದ ಮೇಲಿರುವ ತೊಲೆ ನಿಮಗೆ ಗೊತ್ತು. ಉಳಿದ ತೊಲೆಗಳೆಲ್ಲ ಚೌಕ. ಅದೊಂದು ಮಾತ್ರ ದುಂಡಗಿದೆ, ಒಂದು ತುದಿಗೆ ಹೋಗುತ್ತ ಸಣ್ಣಗಾಗುತ್ತದೆ, ಆ ತುದಿಯ ಹತ್ತಿರ ಆರಪಾರ ಒಂದು ಉದ್ದನೆಯ ತೂತು. ನಿಮ್ಮ ಅಜ್ಜನ ಅಜ್ಜ ಎತ್ತಿನ ಗಾಡಿಯಲ್ಲಿ ನಮ್ಮ ಕಡೆಯ ಹತ್ತಿಯನ್ನು ಕುಮಟೆಯ ಬಂದರಕ್ಕೆ ಒಯ್ಯುತ್ತಿದ್ದರಂತೆ. ಬರುವಾಗ ತೆಂಗು, ಕಟ್ಟಿಗೆ ತರುತ್ತಿದ್ದರು. ಒಮ್ಮೆ ಒಡೆದ ಹಡಗೊಂದರ ಹಾಯಿಕಂಬದ ತುಂಡು ತಂದರು, ಅದೇ ಈ ತೊಲೆ ಎಂದು ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಆ ತೂತಿನಲ್ಲಿ ಹಗ್ಗ ಹಾಯಿಸಿ ನಿಮ್ಮಪ್ಪನಿಗೆ ಸೀರೆಯ ತೊಟ್ಟಿಲು ಕಟ್ಟಿದ್ದೆ, ನಿಮಗೂ ಕಟ್ಟಿದ್ದೆ. ಈ ರಜೆಯಲ್ಲಿ ಮಲ್ಲು ಅಂಗಾತ ಮಲಗಿ ತೊಲೆ ನೋಡುತ್ತ, "ಆಯಿ, ಆ ಹಡಗ ಹ್ಯಾಂಗ ಇತ್ತು?" ಎಂದು ಕೇಳಿದ. ಸೀರೆಯ ದಡಿಗೆ ನಮೂನೆ ಬರೆದು ರೂಢಿಯಾದ ಕೈ, ನಿಮ್ಮ ಡಬ್ಬಿಯ ಬಣ್ಣ ತೆಗೆದುಕೊಂಡು ಮನಸ್ಸಿಗೆ ತೋಚಿದಂತೆ ಒಂದು ಹಡಗು ಬರೆದೆ. ಸಹನಾ ಬಹಳ ಹೊತ್ತು ನೋಡಿ, "ಆಯಿ, ಇದು ಗೋದಲಿ ಮ್ಯಾಲ ಸೀರಿ ಒಣಾ ಹಾಕಿದಂಗ ಐತಿ" ಎಂದಳು.

ಅವಳು ಹೇಳಿದ್ದು ಖರೆ, ದನಕ್ಕೆ ಮೇವು ಹಾಕುವ ಗೋದಲಿಯ ಹಾಗೆಯೇ ಇತ್ತು. ನಾನು ಸಮುದ್ರವನ್ನೇ ನೋಡಿದವಳಲ್ಲ. ಆದರೆ ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ನೀವು ಹೋದ ಮೇಲೆ ನಿಮ್ಮ ಕಾಕಾ ಬಸವರಾಜ ಸೀರೆ ಮಾರಲು ಕುಮಟೆಯ ಕಡೆ ಹೋಗಿ ಬಂದು, ಫೋನಿನಲ್ಲಿ ಒಂದು ಪಟ ತೋರಿಸಿದ. ಅಲ್ಲೊಂದು ಊರಿನ ಅಳಿವೆಯ ದಂಡೆಯಲ್ಲಿ ಹಳೆಯ ಮಚವೆ ಬಿದ್ದಿದೆ, ಹಾಯಿ ಕಟ್ಟಿ ಸರಕು ಸಾಗಿಸುತ್ತಿದ್ದ ಮರದ ಹಡಗಿಗೆ ಅಲ್ಲಿ ಹಾಗನ್ನುತ್ತಾರೆ, ಮಳೆಗಾಲಕ್ಕೆ ಮೊದಲು ಅದನ್ನು ಒಡೆಯುತ್ತಾರೆ ಎಂದ. ನಾನು ನೋಡಬೇಕು ಎಂದೆ. "ಫೋಟೋ ಐತೆಲ್ಲಬೇ, ನೋಡಿ ಬರಿ" ಎಂದ. ಫೋನಿನಲ್ಲಿ ಆ ಹಡಗು ನನ್ನ ಹೆಬ್ಬೆರಳಿಗಿಂತ ಸಣ್ಣದಿತ್ತು. ಸೆರಗನ್ನು ಫೋನಿನಲ್ಲಿ ನೋಡಿ ಯಾರೂ ನೇಯುವುದಿಲ್ಲ. ಮದುವೆಯ ಸುಗ್ಗಿಯಲ್ಲಿ ಮಗ್ಗ ಬಿಟ್ಟು ಅವನು ಬರುವಂತಿರಲಿಲ್ಲ. ನಾನೇ ಹೋಗುತ್ತೇನೆ ಎಂದು ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಆದರೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ರೋಣದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ಚಹಾ ಕುಡಿದು, ನರಗುಂದದ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದೆ. ಯಾವಗಲ್ ಕಡೆಗೆ ಹೊರಟಾಗ ಎರಡೂ ಬದಿ ಹರಗಿ ಬಿಟ್ಟ ಎರೆಹೊಲ, ಒಂದು ಹಸಿರು ಎಲೆಯಿಲ್ಲ. ಎಲ್ಲ ಮಳೆಯ ದಾರಿ ಕಾಯುತ್ತಿತ್ತು. ಯಾವಗಲ್ಲಿನ ಹತ್ತಿರ ಕುರಿ ಹಿಂಡು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತುತ್ತಲೇ ಇದ್ದ. ಕುರಿಗಳು ಅವಸರ ಮಾಡಲಿಲ್ಲ.

ಈ ಕಾಗದದ ವಿಷಯ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನೂಲಿಗೆ ಗಂಜಿ ಕುಡಿಸದೆ ಮಗ್ಗಕ್ಕೆ ಏರಿಸಿದರೆ ಎಳೆ ಹರಿಯುತ್ತದೆ. ನಮ್ಮಲ್ಲಿ ಸಿಗುವ ಅಗ್ಗದ ಡ್ರಾಯಿಂಗ್ ಹಾಳೆಗಳು ಬಣ್ಣ ತಾಕಿದ ಕೂಡಲೇ ಎರೆಹೊಲ ಮೊದಲ ಮಳೆ ಕುಡಿದಂತೆ ಕುಡಿದುಬಿಡುತ್ತವೆ. ಅದಕ್ಕೆ ನಾನು ತೆಳ್ಳಗೆ ಗಂಜಿ ಕಾಸಿ ಹಾಳೆಯ ಎರಡೂ ಬದಿಗೆ ಎಳೆದು ಬಿಸಿಲಿಗೆ ಹಾಕುತ್ತೇನೆ. ನಮ್ಮ ಅಂಗಳದಲ್ಲಿ ಒಂದು ಮೊರ ಜೋಳ ಹಸನು ಮಾಡುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗುತ್ತದೆ. ಆಮೇಲೆ ಬಣ್ಣ ಹೇಳಿದಂತೆ ಕೇಳುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಮಗ್ಗ ಕಲಿಸಿತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನರಗುಂದದ ಗುಡ್ಡ ದೂರದಿಂದಲೇ ಕಾಣಿಸುತ್ತದೆ. ಅದರ ಬುಡದಲ್ಲಿ ನನ್ನ ಅಕ್ಕನ ಮನೆ. ನಾವಿಬ್ಬರೂ ಪುರ್ತಗೇರಿಯಲ್ಲಿ ಹುಟ್ಟಿ ಅಲ್ಲಿನ ಸಾಲೆಯಲ್ಲೇ ಏಳನೆಯ ಇಯತ್ತೆಯವರೆಗೆ ಓದಿದವರು. ಅಕ್ಕನ ಗಂಡನ ಮನೆಯವರು ಕೆನಾಲು ಬಂದ ಮೇಲೆ ಮಗ್ಗ ಬಿಟ್ಟು ಹೊಲಕ್ಕೆ ಇಳಿದರು. ಈಗ ಅಕ್ಕನ ಮಾತೆಲ್ಲ ನೀರಿನ ಪಾಳಿ, ಗೇಟು, ಗೋಧಿ ಕಡಲೆಯ ದರ. ನಾನು ಕಡಿಮೆ ಮಾತಿನವಳು. ನನ್ನ ಪಾಲಿನದನ್ನೂ ಅವಳೇ ಆಡುತ್ತಾಳೆ. ಊಟಕ್ಕೆ ಬಡಿಸುತ್ತ ನನ್ನ ಹಟ ಕೇಳಿ, "ಅಲ್ಲವಾ, ನಾಳಿ ಒಲಿಗೆ ಹೋಗು ಕಟಗೀ ಮಾರಿ ನೋಡಾಕ ಅಷ್ಟು ದೂರ ಹೊಕ್ಕಿಯೇನು?" ಎಂದಳು. ಹೌದೆಂದೆ. ಆಕೆ ಇನ್ನೊಂದು ರೊಟ್ಟಿ ನೀಡಿ, "ನೀ ಒಬ್ಬಾಕಿ ಹ್ವಾದರ ದಾರೀನೂ ಕೇಳೂದಿಲ್ಲ. ತಪ್ಪಿದ ಊರಾಗ ಇಳದು, ಸೆರಗ ಹೊತ್ಗೊಂಡು ಸುಮ್ನ ಕುಂತಬಿಡ್ತಿ. ನಾ ಬರ್ತೀನಿ ತಗೊ" ಎಂದಳು. ನನಗೆ ಬೇಕಾದದ್ದೂ ಅದೇ.

ಶನಿವಾರ ಬೆಳಿಗ್ಗೆ ನವಲಗುಂದದ ಮೇಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕುಮಟೆಯ ಬಸ್ಸು ಹಿಡಿದೆವು. ಹುಬ್ಬಳ್ಳಿ ನಿಲ್ದಾಣದಲ್ಲಿ ಅಕ್ಕ ಮೂವರನ್ನು ಕೇಳಿ, ಮೂವರೂ ಬೇರೆ ಬೇರೆ ಹೇಳಿದ ಮೇಲೆ ನಾಲ್ಕನೆಯವನನ್ನು ಬೈದು, ಸರಿಯಾದ ಬಸ್ಸು ಹುಡುಕಿದಳು. ಯಲ್ಲಾಪುರ ದಾಟಿದ ಮೇಲೆ ಕಾಡು. ಘಟ್ಟದಲ್ಲಿ ಬಸ್ಸು ತಿರುವಿನ ಮೇಲೆ ತಿರುವು ತೆಗೆದುಕೊಂಡಿತು. ಅಕ್ಕ ಲಿಂಬೆಹಣ್ಣು ಮೂಗಿಗೆ ಹಿಡಿದು ಆ ದಿನ ಮೊದಲ ಸಲ ಸುಮ್ಮನಾದಳು. ಕೆಳಗಿಳಿದಂತೆ ಗಾಳಿ ಬದಲಾಯಿತು. ನಮ್ಮ ಗಾಳಿ ಮೈಮೇಲೆ ಹಾಯ್ದು ಹೋಗುತ್ತದೆ. ಅಲ್ಲಿನದು ಮೈಗೆ ಅಂಟಿ ಕೂರುತ್ತದೆ. ಕುಪ್ಪಸ ಬೆನ್ನಿಗೆ ಹತ್ತಿತು. ಹತ್ತಿದ್ದು ಊರಿಗೆ ಮರಳುವವರೆಗೆ ಬಿಡಲಿಲ್ಲ. ಆಗಲೇ ನನಗೆ ಕಾಗದದ ನೆನಪು ಬರಬೇಕಿತ್ತು. ಬರಲಿಲ್ಲ.

ಕುಮಟೆಯಿಂದ ಇನ್ನೊಂದು ಸಣ್ಣ ಬಸ್ಸು. ಇಳಿಯುವ ಹೊತ್ತಿಗೆ ಸಂಜೆ. ಬಸವರಾಜನ ಬಳಿ ಸೀರೆ ಕೊಳ್ಳುವ ಮಾದೇವಿ ಎಂಬವಳು ನಿಲ್ದಾಣಕ್ಕೆ ಬಂದಿದ್ದಳು. ಮಚವೆ ಅವಳ ಗಂಡ ತಿಮ್ಮಣ್ಣನದೇ. ಇಬ್ಬರೂ ನಡುವಯಸ್ಸು ದಾಟಿದವರು. ಮೀನು ಒಣಹಾಕಿದ ಅಂಗಳ ದಾಟುವಾಗ ಅಕ್ಕ ಸೆರಗನ್ನು ಮೂಗಿಗೆ ಒಯ್ದದ್ದನ್ನು ಮಾದೇವಿ ನೋಡಿ ನಕ್ಕಳು. ನಮಗಾಗಿ ಹೊಸ ಗಡಿಗೆಯಲ್ಲಿ ಬೇರೆ ಅಡಿಗೆ ಮಾಡಿದ್ದೇನೆ ಎಂದಳು. ಕೆಂಪಕ್ಕಿಯ ಗಂಜಿ, ಮಾವಿನ ಉಪ್ಪಿನಕಾಯಿ. ಅಕ್ಕ ಬಟ್ಟಲು ನೋಡಿ ನನ್ನ ಕಿವಿಯಲ್ಲಿ, "ನೀವು ಸೀರೀಗೆ ಕುಡಸೂದನ್ನ ಇವರು ತಾವೇ ಕುಡೀತಾರಲ್ಲ" ಎಂದಳು. ಆಮೇಲೆ ಎರಡನೇ ಸಲ ಹಾಕಿಸಿಕೊಂಡಳು.

ಊಟಕ್ಕೆ ಮೊದಲೇ, ಬೆಳಕಿರುವಾಗ, ತಿಮ್ಮಣ್ಣ ನಮ್ಮನ್ನು ದಂಡೆಗೆ ಕರೆದುಕೊಂಡು ಹೋಗಿದ್ದ. ಅದನ್ನು ನೋಡಿ ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನಮ್ಮ ಮನೆ, ಪಕ್ಕದ ಮನೆ ಎರಡನ್ನೂ ಸೇರಿಸಿದಷ್ಟು ಉದ್ದ. ಮುಂದಿನ ಮೂತಿ ಮೇಲೆ ಎದ್ದು ಬಾಗಿದೆ, ಬೆದರಿದ ಎತ್ತು ಕತ್ತು ಎತ್ತಿದ ಹಾಗೆ. ಹೊಟ್ಟೆ ದುಂಡಗೆ ಹೊರಗೆ ಬಂದಿದೆ. ಹಲಗೆಗಳು ಬೂದಿಬಣ್ಣಕ್ಕೆ ತಿರುಗಿವೆ, ಕೆಳಗಡೆ ಪಾಚಿ, ನಡುವೆ ಒಂದು ಕಾಲದ ನೀಲಿ ಪಟ್ಟೆಯ ಗುರುತು. ಹಾಯಿಕಂಬ ಇರಲಿಲ್ಲ. ಅದನ್ನು ಎಂದೋ ತೆಗೆದು ಮಾರಿದ್ದರು. ಅದು ನಿಂತಿದ್ದ ಜಾಗದಲ್ಲಿ ಒಂದು ದಪ್ಪ ದಿಮ್ಮಿಯ ಕುಳಿ ಮಾತ್ರ ಇತ್ತು. ಸಹನಾ, ನನ್ನ ಗೋದಲಿ ಎಲ್ಲಿ ತಪ್ಪಿತ್ತು ಎಂದು ಆ ಕ್ಷಣವೇ ತಿಳಿಯಿತು. ಗೋದಲಿ ನೆಲದ ಮೇಲೆ ಕೂರುತ್ತದೆ. ಇದು ದಂಡೆಯಲ್ಲಿ ಕೆಟ್ಟು ಬಿದ್ದಿದ್ದರೂ ಎಲ್ಲಿಗೋ ಹೊರಟ ಹಾಗೆ ಇತ್ತು.

ತಿಮ್ಮಣ್ಣನ ತಂದೆ ಇದರಲ್ಲಿ ಹೆಂಚು, ಅಕ್ಕಿ ತುಂಬಿ ಮುಂಬಯಿಗೆ ಒಯ್ಯುತ್ತಿದ್ದರಂತೆ. ಲಾರಿ ಬಂದ ಮೇಲೆ ಕೆಲಸ ನಿಂತಿತು. ಈಗ ಹಲಗೆಗಳ ನಡುವೆ ಬೆರಳು ಹೋಗುತ್ತದೆ. ಹೋದ ಮಳೆಗಾಲದಲ್ಲಿ ನೆರೆ ಬಂದು ಇದನ್ನು ಎತ್ತಿ ಪಕ್ಕದವರ ದೋಣಿಗಳ ಮೇಲೆ ಹಾಕಲು ನೋಡಿತ್ತು. ಅದಕ್ಕೇ ಒಡೆಯುವುದು. ಬಡಿಗರು ಸೋಮವಾರ ಬೆಳಿಗ್ಗೆ ಬರುತ್ತಾರೆ. ನನಗೆ ಭಾನುವಾರ ಒಂದೇ ಉಳಿದಿತ್ತು.

ಭಾನುವಾರ ಬೆಳಕು ಹರಿಯುತ್ತಲೇ ಹೋದೆವು. ದಂಡೆಯಲ್ಲಿ ಬಲೆ ಸರಿಪಡಿಸುವ ಗಂಡಸರಿದ್ದರು. ನಾನು ತೆಂಗಿನ ಗರಿಗಳ ರಾಶಿಯ ಹಿಂದೆ ಕುಳಿತೆ. ಅಲ್ಲಿಂದ ಮಚವೆಯ ಬಾಲ ಮಾತ್ರ ಕಾಣುತ್ತಿತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಹಡಗಿನ ಕುಂಡಿ ನೋಡಾಕ ನನ್ನ ನರಗುಂದದಿಂದ ಎಳಕೊಂಡು ಬಂದಿಯೇನು?" ಎಂದಳು. ಬಲೆಯವರು ಕೇಳಿ ನಕ್ಕರು. ನಾಚಿಕೆಯಿಂದ ಮುಖ ಬೆಚ್ಚಗಾಯಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎದ್ದು, ಬಯಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಮಚವೆಯ ಎದುರಿಗೇ ಹೋಗಿ ಕುಳಿತೆ. ಅಕ್ಕ ನನ್ನ ಬೆನ್ನಿಗೆ ಕುಳಿತು, ಬಂದವರಿಗೆಲ್ಲ ಉತ್ತರ ಕೊಡುವ ಕೆಲಸ ವಹಿಸಿಕೊಂಡಳು.

ಆ ಹೊತ್ತಿನಲ್ಲಿ ನೀರು ತುಂಬಿತ್ತು. ಮಚವೆಯ ಹೊಟ್ಟೆಯ ಅರ್ಧದವರೆಗೆ ನೀರು, ಅದರ ನೆರಳು ತಲೆಕೆಳಗಾಗಿ ಅಲುಗುತ್ತಿತ್ತು. ಸೀಸದ ಕಡ್ಡಿಯಿಂದ ಗೆರೆ ಎಳೆದು, ಆಕಾಶಕ್ಕೆ, ನೀರಿಗೆ ಬಣ್ಣ ಹಾಕಿದೆ. ಒಣಗಲಿ ಎಂದು ಕಾದೆ. ಒಣಗಲಿಲ್ಲ. ಅದನ್ನು ಬದಿಗಿಟ್ಟು ಇನ್ನೊಂದು ಹಾಳೆಯಲ್ಲಿ ಮೂತಿಯನ್ನಷ್ಟೇ ಬರೆದೆ. ತಲೆಯೆತ್ತಿ ನೋಡಿದರೆ ನೀರು ಕೆಳಗೆ ಹೋಗಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೂ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಮಚವೆ ಬರೀ ಕೆಸರಿನ ಮೇಲೆ ಒರಗಿ ಕುಳಿತಿತ್ತು, ಏಡಿಗಳು ಓಡಾಡುತ್ತಿದ್ದವು. ಅಕ್ಕ ಎದ್ದು ನಿಂತಳು. ಹೊಲದಲ್ಲಿ ಪಾಳಿ ತಪ್ಪಿದಾಗ ಏಳುವಂತೆಯೇ ಎದ್ದಳು. ಬಲೆಯವರ ಬಳಿಗೆ ಹೋಗಿ, "ಗೇಟ್ ಮುಚ್ಚಿದವರು ಯಾರ್ರಿ? ಹೇಳದ ಕೇಳದ ನೀರ ಬಂದ್ ಮಾಡಿದ್ರ ಹ್ಯಾಂಗ? ನಮ್ಮ ತಂಗಿದು ಅರ್ಧ ಆಗೇತಿ" ಎಂದಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಮ್ಮಣ್ಣ ಮಾತ್ರ ನಗದೆ, "ಗೇಟು ಇಲ್ಲ ಅಮ್ಮಾ. ಸಮುದ್ರದ ನೀರು, ಇಳಿದದ್ದು. ಸಂಜಿಗೆ ಮತ್ತೆ ಬತ್ತದೆ" ಎಂದ. ದಿನಕ್ಕೆ ಎರಡು ಸಲವೇ, ಯಾರೂ ಬಿಡದೆ, ಯಾರಿಗೂ ಅರ್ಜಿ ಕೊಡದೆ ನೀರು ಬರುತ್ತದೆಂದು ಅಕ್ಕನಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನಂಬಿದ ಮೇಲೆ, "ಇದು ನಮ್ಮೂರಾಗ ಇರಬೇಕಿತ್ತು" ಎಂದಳು. ಸಂಜೆ ನೀರು ಏರುವುದನ್ನು ನೋಡಲೆಂದೇ ಅವಳು ಕಲ್ಲಿನ ಮೇಲೆ ಕುಳಿತಿದ್ದಳು. ಪಾದಕ್ಕೆ ನೀರು ತಾಕಿದಾಗ ಚಿಕ್ಕವಳಂತೆ ಸೀರೆ ಎತ್ತಿಕೊಂಡು ನಕ್ಕಳು.

ನಾನು ಆ ದಿನ ಮೂರು ಹಾಳೆ ಬರೆದೆ. ಬೆಳಗಿನದು ನೀರಿನ ಮೇಲೆ ನಿಂತದ್ದು, ನಡುವಿನದು ಮೂತಿ, ಕೊನೆಯದು ಕೆಸರಿನ ಮೇಲೆ ಒರಗಿದ್ದು. ಅಷ್ಟೊಂದು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ. ಬಣ್ಣ ಇನ್ನೂ ತುಸು ಹಸಿಯಿತ್ತು. ಮನೆಯಲ್ಲಿ ಹೇಗೆ ಮಾಡುತ್ತೇನೋ ಹಾಗೆಯೇ ಮಾಡಿದೆ. ಬರೆದವು, ಬರೆಯದೆ ಉಳಿದವು ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, ರಟ್ಟಿನ ನಡುವೆ ಹಾಕಿ, ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಮಡಚಿದ ಹೊಸ ಸೀರೆಗಳ ಮೇಲೆ ಭಾರ ಹೇರುವಂತೆ ಮಾದೇವಿಯ ಅಕ್ಕಿ ಡಬ್ಬಿಯನ್ನು ಅದರ ಮೇಲೆ ಹೇರಿದೆ. ಸಮಾಧಾನದಿಂದ ಮಲಗಿದೆ.

ಸೋಮವಾರ ಬೆಳಿಗ್ಗೆ ಗಂಟು ಬಿಚ್ಚಿದರೆ ಹಾಳೆಗಳಿರಲಿಲ್ಲ, ಒಂದೇ ಒಂದು ದಪ್ಪ ಹಲಗೆ ಇತ್ತು. ನಮ್ಮ ಗಂಜಿ ಅಲ್ಲಿನ ಗಾಳಿಯಲ್ಲಿ ಮತ್ತೆ ಅಂಟಾಗಿ ಎಲ್ಲವನ್ನೂ ಒಂದುಮಾಡಿತ್ತು. ಮೂಲೆ ಹಿಡಿದು ಎಳೆದೆ, ಹರಿಯಿತು. ಒಳಗಿಂದ ಮಚವೆಯ ಮೂತಿ ಅರ್ಧ ಒಂದು ಹಾಳೆಗೆ, ಅರ್ಧ ಇನ್ನೊಂದಕ್ಕೆ ಬಂತು. ಅದೇ ಹೊತ್ತಿಗೆ ದಂಡೆಯಿಂದ ಮೊದಲ ಏಟು ಕೇಳಿಸಿತು. ಬಡಿಗರು ಬಂದಿದ್ದರು.

ಅಕ್ಕ ನನ್ನ ಕೈಯಲ್ಲಿದ್ದುದನ್ನು ನೋಡಿ ಹತ್ತಿರ ಬಂದಳು. "ಹೋಗ್ಲಿ ಬಿಡವಾ. ಬಸ್ಯಾನ ಫೋನಿನಾಗ ಐತೆಲ್ಲ" ಎಂದಳು, ಬಹಳ ಮೆತ್ತಗೆ. ಮಲ್ಲು, ಆಗ ನಿನ್ನ ಪ್ರಶ್ನೆ ನನ್ನ ತಲೆಯಲ್ಲಿ ನಿಂತಿತ್ತು. ನೇಕಾರರ ಮನೆಯಲ್ಲಿ ಎಷ್ಟೋ ವರ್ಷ ಕಳೆದವಳು ನಾನು. ಹೊಸ ಸೀರೆಯ ಗಂಜಿ ಹೇಗೆ ಬಿಡುತ್ತದೆ? ಮೊದಲ ಸಲ ನೀರಿಗೆ ಹಾಕಿದಾಗ. ಬಾವಿಯಿಂದ ಸಿಹಿನೀರು ಸೇದಿ, ಮಾದೇವಿಯ ಅಗಲ ಪಾತ್ರೆಗೆ ಸುರಿದು, ಆ ಕಾಗದದ ಹಲಗೆಯನ್ನು ಅದರಲ್ಲಿ ಮುಳುಗಿಸಿದೆ. ಮಾದೇವಿ, "ಎಂತಾ ಮಾಡ್ತ್ರಿ, ಹಾಳಾತದಲ್ಲ" ಎಂದು ಓಡಿ ಬಂದಳು. ನಾನು ಕೈ ಅಡ್ಡ ಹಿಡಿದೆ. ನೀರು ಮೊದಲು ಬೆಳ್ಳಗಾಯಿತು, ಆಮೇಲೆ ನೀಲಿ. ನಿನ್ನೆಯ ಆಕಾಶವೆಲ್ಲ ಪಾತ್ರೆಗೆ ಬಂತು. ಆಮೇಲೆ ಹಾಳೆಗಳು ಒಂದೊಂದಾಗಿ ತಾವೇ ಬಿಟ್ಟು ತೇಲಿದವು. ಮೂತಿ ಬರೆದದ್ದು ಆಗಲೇ ಹರಿದಿತ್ತು. ಕೆಸರಿನದು ಕೈಯಲ್ಲೇ ಮುದ್ದೆಯಾಯಿತು. ಆದರೆ ಬೆಳಗಿನ ಹಾಳೆ ಇಡಿಯಾಗಿ ಬಂತು. ಬಣ್ಣ ತೊಳೆದು ಹೋಗಿತ್ತು, ಸೀಸದ ಕಡ್ಡಿಯ ಗೆರೆ ಮತ್ತು ಮಚವೆಯ ಮಸುಕು ನೆರಳು ಉಳಿದಿದ್ದವು. ಹಸಿ ಹಾಳೆಯನ್ನು ಎರಡೂ ಕೈಯಲ್ಲಿ ಹಸುಗೂಸನ್ನು ಎತ್ತಿದಂತೆ ಹಿಡಿದು ದಂಡೆಗೆ ಓಡಿದೆ. ಅಕ್ಕ ಡಬ್ಬಿ, ಕುಂಚ, ಬಾವಿಯ ನೀರಿನ ತಂಬಿಗೆ ಹಿಡಿದು ಹಿಂದೆ ಬಂದಳು.

ಬಡಿಗರು ಐದಾರು ಜನ. ಇಬ್ಬರು ಆಗಲೇ ನಾನು ನಿನ್ನೆ ಕುಳಿತಿದ್ದ ಬದಿಯಲ್ಲಿ ಮೇಲಿನ ಹಲಗೆಗೆ ಹಾರೆ ಹಾಕಿದ್ದರು. ನಾನು ಅಕ್ಕನ ಕಡೆ ನೋಡಿದೆ. ಯಾವಾಗಲೂ ನನ್ನ ಮಾತು ಅವಳೇ ಆಡುವುದಲ್ಲವೇ. ಅವಳು ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಬಾಯಿಂದ ಮಾತೇ ಹೊರಡಲಿಲ್ಲ. ಹಾರೆಯವನು ಮತ್ತೆ ಮೀಟಿದ. ಹಲಗೆ ಕಿರ್ರೆಂದಿತು. ಆಗ ನನ್ನ ಗಂಟಲಿನಿಂದಲೇ ಮಾತು ಬಂತು. ಅಷ್ಟು ಗಂಡಸರ ನಡುವೆ, ನನ್ನ ದನಿ ನನಗೇ ಬೇರೆಯವರದೆನಿಸಿತು.

"ಅಣ್ಣಾರ, ಒಂದೀಟು ನಿಂದರ್ರಿ" ಎಂದೆ. ಎಲ್ಲರೂ ತಿರುಗಿದರು. "ಒಡೀಬ್ಯಾಡ್ರಿ ಅನ್ನೂದಿಲ್ಲ ನಾ. ನೀವು ಆ ಕಡಿಂದ ಒಡೀರಿ. ನಾ ಈ ಕಡಿಂದ ಬರೀತೀನಿ."

ಹಾರೆಯವನು ತಿಮ್ಮಣ್ಣನ ಮುಖ ನೋಡಿದ. ತಿಮ್ಮಣ್ಣ ನನ್ನ ಕೈಯಲ್ಲಿ ತೊಟ್ಟಿಕ್ಕುತ್ತಿದ್ದ ಹಾಳೆಯನ್ನು ನೋಡಿದ. ಅದರ ಮೇಲೆ ಅವನ ಮಚವೆ ಮಬ್ಬಾಗಿ, ಮಂಜಿನಲ್ಲಿ ಬರುತ್ತಿರುವಂತೆ ಕಾಣುತ್ತಿತ್ತು. "ಆಚೆ ಬದಿಂದ ಸುರು ಮಾಡಿ" ಎಂದ. ಕಿತ್ತಿದ್ದ ಹಲಗೆಯೊಂದನ್ನು ತಾನೇ ಹೊತ್ತು ತಂದು ನನ್ನ ಮುಂದೆ ಕಲ್ಲುಗಳ ಮೇಲೆ ಇಟ್ಟ. ಹಸಿ ಹಾಳೆಯನ್ನು ಆ ಹಲಗೆಯ ಮೇಲೆ ಹರಡಿ, ಸೀರೆಯ ಮಡಿಕೆ ಒತ್ತುವಂತೆ ಅಂಗೈಯಿಂದ ಒತ್ತಿದೆ. ಮಚವೆಯ ಹಲಗೆಯ ಮೇಲೆಯೇ ಮಚವೆಯ ಚಿತ್ರ.

ಗಂಜಿ ಹೋದ ಹಾಳೆ ಬಣ್ಣವನ್ನು ಕುಡಿಯತೊಡಗಿತು. ಇಟ್ಟಲ್ಲಿ ನಿಲ್ಲದೆ ತಾನೇ ಹರಡುತ್ತಿತ್ತು. ಮೊದಲು ಗಾಬರಿಯಾದೆ, ಆಮೇಲೆ ಕೈ ತಡೆಯಲಿಲ್ಲ. ಅಲ್ಲಿನ ಆಕಾಶವೂ ಹಾಗೆಯೇ ಇತ್ತು, ಮಳೆ ತುಂಬಿಕೊಂಡು, ಅಂಚಿಲ್ಲದೆ. ಹಾಳೆ ತುಸು ಆರಿದ ಹಾಗೆ ಹಲಗೆಗಳ ಬೂದಿಬಣ್ಣ ಹಾಕಿದೆ, ಪಾಚಿಯ ಹಸಿರು, ನೀಲಿ ಪಟ್ಟೆ. ಆಚೆ ಬದಿಯಿಂದ ಏಟಿನ ಸದ್ದು, ಮೊಳೆ ಕೀಳುವ ಕಿರುಚು ಬರುತ್ತಲೇ ಇತ್ತು. ನನ್ನ ಬದಿಗೆ ಮಚವೆ ಇಡಿಯಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಏನೋ ಬದಲಾದದ್ದು ಕಂಡಿತು. ಬೆರಳು ತೂರುವ ಆ ಸಂದುಗಳು ನಿನ್ನೆ ಕಪ್ಪಗಿದ್ದವು. ಈಗ ಒಂದು ಸಂದು ಬೆಳ್ಳಗಾಯಿತು. ಆಮೇಲೆ ಇನ್ನೊಂದು. ಆಚೆ ಬದಿಯ ಹಲಗೆ ಹೋದಂತೆ ಅತ್ತಣ ಬೆಳಕು ಹಡಗಿನ ಹೊಟ್ಟೆಯೊಳಗೆ ಬಂದು ನನ್ನ ಕಡೆಗೆ ಗೆರೆಗೆರೆಯಾಗಿ ಸೋರುತ್ತಿತ್ತು. ನೀರುಬಣ್ಣದಲ್ಲಿ ಬಿಳಿಯನ್ನು ಆಮೇಲೆ ಹಾಕಲು ಬರುವುದಿಲ್ಲ, ಕಾಗದವನ್ನು ಮುಟ್ಟದೆ ಬಿಡಬೇಕು. ಬಿಳಿ ಎಳೆ ಎಲ್ಲಿ ಬರಬೇಕೆಂದು ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡುವಾಗಲೇ ಗೊತ್ತಿರಬೇಕಾದ ಹಾಗೆ. ಮುಂದಿನ ಸಂದು ಯಾವಾಗ ಬೆಳಗುತ್ತದೆಂದು ನೋಡುತ್ತ, ಅದನ್ನು ಬಿಟ್ಟು, ಸುತ್ತ ಬಣ್ಣ ತುಂಬುತ್ತ ಹೋದೆ. ಅವರೂ ನಾನೂ ಒಂದೇ ಹಡಗಿನ ಎರಡು ಬದಿಗೆ ಕೆಲಸ ಮಾಡುತ್ತಿದ್ದೆವು.

ಮಧ್ಯಾಹ್ನ ಬಡಿಗರು ಗಂಜಿಗೆ ಕುಳಿತಾಗ ತಿಮ್ಮಣ್ಣ ಹತ್ತಿರ ಬಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ಎರಡನೆಯ ಸಲ ಕಷ್ಟವಾಗಲಿಲ್ಲ. ನಮ್ಮ ತೊಲೆಯ ವಿಷಯ ಹೇಳಿ, ಸಣ್ಣ ತುದಿಯ ತೂತು ಯಾತಕ್ಕೆ ಎಂದು ಕೇಳಿದೆ. ಎಷ್ಟು ಉದ್ದದ ತೂತು, ತುದಿಯಿಂದ ಎಷ್ಟು ದೂರ ಎಂದು ಅವನು ವಿಚಾರಿಸಿದ. ನಾನು ಗೇಣು ಹಾಕಿ ತೋರಿಸಿದೆ.

"ಹಾಂಗಾರೆ ಅದು ಕಂಬದ ನೆತ್ತಿಯೇ ಸೈ" ಎಂದ. "ಅದ್ರಲ್ಲಿ ಒಂದು ಗಾಲಿ ಇರ್ತಿತ್ತು. ಹಾಯಿ ಏರ್ಸೋ ಹಗ್ಗ ಅದ್ರಲ್ಲೇ ಹೋಗೂದು. ನಿಮ್ದು ಸುರಹೊನ್ನೆ ಮರ ಆಗಿರ್ಬೇಕು, ನೆಟ್ಟಗೆ ಬೆಳೀತದೆ." ಮತ್ತೆ, "ಈಗ ಅದ್ಕೆ ಎಂತ ಕಟ್ತ್ರಿ?" ಎಂದು ಕೇಳಿದ.

ತೊಟ್ಟಿಲು ಕಟ್ಟುತ್ತೇವೆ ಎಂದೆ. ಅವನು ನದಿಯ ಕಡೆಗೆ ನೋಡುತ್ತ ನಿಂತ. ಆಮೇಲೆ, ಇದರ ಕಂಬ ಯಾರ ಮನೆಯಲ್ಲಿದೆಯೋ ಎಂದಷ್ಟೇ ಹೇಳಿ ಹೊರಟುಹೋದ.

ಸಂಜೆಯ ನೀರು ಏರುವ ಹೊತ್ತಿಗೆ ನನ್ನ ಚಿತ್ರ ಮುಗಿಯಿತು, ಕಂಬದ ಜಾಗವೊಂದನ್ನು ಬಿಟ್ಟು. ತಿಮ್ಮಣ್ಣನಿಗೆ ತೋರಿಸಿದೆ. ಅವನು ಕೈ ಒರೆಸಿಕೊಂಡು, ಮುಟ್ಟದೆ, ಬಗ್ಗಿ ನೋಡಿದ. ಮೂತಿ ಸರಿ ಬಂದಿದೆ ಎಂದ. ಈ ಬದಿಯ ಹಲಗೆಗೆ ಆಮೇಲೆ ಹಾರೆ ಬಿತ್ತು. ನಾನು ಅದನ್ನು ನೋಡಲು ನಿಲ್ಲಲಿಲ್ಲ.

ಮಂಗಳವಾರ ಹೊರಟೆವು. ಚಿತ್ರವನ್ನು ಈ ಸಲ ಸುತ್ತಲಿಲ್ಲ, ಭಾರ ಹೇರಲಿಲ್ಲ. ರಟ್ಟಿನ ಮೇಲೆ ಬಿಡಿಯಾಗಿ ಇಟ್ಟು ತೊಡೆಯ ಮೇಲೆ ಹಿಡಿದು ಕುಳಿತೆ. ಘಟ್ಟ ಹತ್ತಿ ಬಯಲಿಗೆ ಬಂದು, ಹುಬ್ಬಳ್ಳಿಯ ಹತ್ತಿರ ನಮ್ಮ ಗಾಳಿ ಕಿಟಕಿಯಿಂದ ನುಗ್ಗಿದಾಗ ಹಾಳೆ ಸದ್ದು ಮಾಡಿತು. ಒಣಗಿತ್ತು. ಅಕ್ಕ ದಾರಿಯುದ್ದಕ್ಕೂ ಪಕ್ಕದವರಿಗೆ ಅದನ್ನು ತೋರಿಸುತ್ತ, "ನನ್ನ ತಂಗಿ ಬರದದ್ದು. ಹಡಗ ಒಡ್ಯಾವ್ರನ್ನ ನಿಂದರ್ಸಿ ಬರದಾಳ" ಎನ್ನುತ್ತಿದ್ದಳು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ, ಆದರೆ ಚಿತ್ರ ಮುಚ್ಚಲಿಲ್ಲ. ನರಗುಂದದಲ್ಲಿ ಅವಳು ಇಳಿದಳು. ಕೆಳಗೆ ನಿಂತು ಕಿಟಕಿಯ ಸರಳು ಹಿಡಿದು, "ಇನ್ನ ನೀ ಒಬ್ಬಾಕೇ ಹೋಗಬಹುದು ನೋಡು" ಎಂದಳು.

ರೋಣದಲ್ಲಿ ರಾತ್ರಿಯ ಬಸ್ಸು ತಪ್ಪಿಸಿಕೊಳ್ಳದಂತೆ ಯಾವುದು ಗಜೇಂದ್ರಗಡದ್ದು ಎಂದು ನಾನೇ ಕೇಳಿ ಹತ್ತಿದೆ. ಕಂಡಕ್ಟರ್ ರಟ್ಟಿನ ಕಡೆ ನೋಡಿ ಅದೇನೆಂದು ಕೇಳಿದ. ಹಡಗಿನ ಚಿತ್ರ, ನಾನೇ ಬರೆದದ್ದು ಎಂದೆ.

ಮರುದಿನ ಬಸವರಾಜ ಮಗ್ಗ ನಿಲ್ಲಿಸಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಮಲ್ಲು ಮಲಗಿದ್ದ ಜಾಗದಲ್ಲೇ ಕುಳಿತು, ತೊಲೆಯನ್ನು ನೋಡಿ ಹಾಯಿಕಂಬ ಬರೆದೆ. ತೊಲೆಯ ಕಂದು, ಅದರ ಬಿರುಕು, ಹೊಗೆ ಹಿಡಿದ ಕಪ್ಪು ಎಲ್ಲ ಹಾಗೆಯೇ. ಅಡ್ಡ ಮಲಗಿದ್ದನ್ನು ನೆಟ್ಟಗೆ ನಿಲ್ಲಿಸಿದೆ, ಅಷ್ಟೇ. ನೆತ್ತಿಯಲ್ಲಿ ತೂತು ಬಿಟ್ಟು, ಅದರಲ್ಲಿ ಹಗ್ಗ ಹಾಯಿಸಿ ಕೆಳಗೆ ತಂದೆ. ಹಗ್ಗದ ತುದಿಯನ್ನು ಹಡಗಿನವರು ಹೇಗೆ ಬಿಗಿಯುತ್ತಿದ್ದರೆಂದು ತಿಮ್ಮಣ್ಣನನ್ನು ಕೇಳಲು ಮರೆತಿದ್ದೆ. ಅಲ್ಲಿ ನಿಮ್ಮ ತೊಟ್ಟಿಲಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿದ್ದೇನೆ.